ಹುಡುಗ ದೊಡ್ಡವನಾದ, ಸಿಟ್‌ಕಾಂ ಎಲ್ಲಿಗೆ ಹೋಯ್ತು?

(ಆನ್‌ಲೈನ್ ಚರ್ಚೆ; ಪ್ರತಿ ಬರಹದ ಮೇಲಿರೋದು ಬರೆದವರ ಅಡ್ಡಹೆಸರು)

ಅರ್ಧಗಂಟೆ

ಹುಡುಗರು ಬೆಳೆಯುವ ಸಿಟ್‌ಕಾಂಗಳ (ಅರ್ಧಗಂಟೆಯ ಹಾಸ್ಯ ಧಾರಾವಾಹಿಗಳ) ಮಾತು ಬಂದಾಗೆಲ್ಲ ಕೇಳಿಸೋದು ಒಂದೇ ರಾಗ: ಮೊದಲೆರಡು ಸೀಸನ್ ಚಂದ ಇತ್ತು, ಆಮೇಲೆ ಕೆಟ್ಟುಹೋಯ್ತು. ಯಾಕೆ ಕೆಟ್ಟಿತು ಅಂದ್ರೆ "ಬರೆಯೋರ ಹತ್ರ ಸರಕು ಮುಗೀತು" ಅಂತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಸರಕು ಮುಗಿಯೋದಲ್ಲ, ಸರಕು ಬರ್ತಿದ್ದ ದಾರಿ ಮುಚ್ಚಿಹೋಗುತ್ತೆ.

ಹನ್ನೆರಡು ವರ್ಷದ ಹುಡುಗನ ಕಥೆಯಲ್ಲಿ ನಗು ಎಲ್ಲಿಂದ ಹುಟ್ಟುತ್ತೆ ನೋಡಿ. ಅವನ ಹತ್ರ ಕಾರಿಲ್ಲ, ಕಾಸಿಲ್ಲ. ಕ್ಲಾಸಲ್ಲಿ ಯಾರ ಪಕ್ಕ ಕೂರಬೇಕು ಅನ್ನೋದನ್ನೂ ಟೀಚರ್ರೇ ತೀರ್ಮಾನ ಮಾಡ್ತಾರೆ. ರಾತ್ರಿ ಊಟಕ್ಕೆ ಅಪ್ಪನ ಎದುರು ಕೂರಲೇಬೇಕು. ಇವತ್ತು ಯಾವ ಹುಡುಗಿ ಮುಂದೆ ಮಾನ ಹೋಯ್ತೋ ನಾಳೆ ಬೆಳಗ್ಗೆ ಅವಳನ್ನೇ ಎದುರಿಸಬೇಕು. ತಪ್ಪಿಸಿಕೊಳ್ಳೋಕೆ ಜಾಗವೇ ಇಲ್ಲ, ಅದಕ್ಕೇ ಕಥೆ ಇದೆ. ಹದಿನಾರಕ್ಕೆ ಲೈಸೆನ್ಸ್ ಬಂತು ಅನ್ನಿ, ಜಗಳ ಆದ ಕೂಡಲೇ ಕಾರು ಹತ್ತಿ ಹೊರಟುಬಿಡಬಹುದು. ಹದಿನೆಂಟಕ್ಕೆ ಊರೇ ಬಿಡಬಹುದು. ಒಂದೊಂದು ಸ್ವಾತಂತ್ರ್ಯ ಕೈಗೆ ಬಂದಾಗಲೂ ಒಂದೊಂದು ಜಾತಿಯ ಕಥೆ ಸಾಯುತ್ತೆ. ಹುಡುಗನನ್ನು ಕಟ್ಟಿಹಾಕಿದ್ದ ಹಳೇ ಹಗ್ಗ ಬಿಚ್ಚಿದಾಗ ಹೊಸ ಹಗ್ಗ ಕಟ್ಟಿದ ಶೋ ಉಳಿಯುತ್ತೆ, ಕಟ್ಟದ್ದು ಸೊರಗುತ್ತೆ. ನನ್ನ ವಾದ ಇಷ್ಟೇ.

ಪರೀಕ್ಷೆ ಮಾಡೋಕೆ ಒಂದೇ ಮನೆಯ ಇಬ್ಬರು ಸಿಗ್ತಾರೆ. ಅಣ್ಣ ಫ್ರೆಡ್ ಸ್ಯಾವೇಜ್ ‘ದಿ ವಂಡರ್ ಇಯರ್ಸ್’ನ ಕೆವಿನ್ ಆರ್ನಲ್ಡ್. ತಮ್ಮ ಬೆನ್ ಸ್ಯಾವೇಜ್ ‘ಬಾಯ್ ಮೀಟ್ಸ್ ವರ್ಲ್ಡ್’ನ ಕೋರಿ ಮ್ಯಾಥ್ಯೂಸ್. ಎರಡೂ ಅಮೆರಿಕದ ಎಬಿಸಿ ಚಾನೆಲ್ಲಿನವು. ಅಣ್ಣನದು 1988ರ ಜನವರಿ 31ರಿಂದ 1993ರ ಮೇ 12ರವರೆಗೆ, 6 ಸೀಸನ್, 115 ಎಪಿಸೋಡ್. ತಮ್ಮನದು ಅದೇ 1993ರ ಸೆಪ್ಟೆಂಬರ್ 24ಕ್ಕೆ ಶುರು, 2000ದ ಮೇ 5ಕ್ಕೆ ಮುಕ್ತಾಯ, 7 ಸೀಸನ್, 158 ಎಪಿಸೋಡ್. ಅಣ್ಣನ ಕಥೆ ಹೈಸ್ಕೂಲಿನ ಕೊನೇ ವರ್ಷದ ಹೊಸ್ತಿಲಲ್ಲೇ ನಿಂತಿತು. ತಮ್ಮನದು ಕಾಲೇಜು, ಮದುವೆ ಎಲ್ಲ ದಾಟಿ ಹೋಯ್ತು. ನನ್ನ ವೋಟು ಅಣ್ಣನಿಗೆ. ಅಲ್ಲ ಅನ್ನೋರು ಬನ್ನಿ.

ಹುಬ್ಳಿ ಹೈದ

ನನ್ನ ವೋಟ ತಮ್ಮಗ. ಯಾಕಂದ್ರ ನೀವ ಹೇಳೋ ಹಗ್ಗ ಅಲ್ಲೇ ಗಟ್ಟಿ ಐತಿ.

ಮೊದಲ ಒಂದ ಲೆಕ್ಕ ನೋಡ್ರಿ. 1993ರಾಗ ಕೋರಿ ಆರನೇ ಕ್ಲಾಸ್. ಅಲ್ಲಿ ಹೈಸ್ಕೂಲ್ ಮುಗಿಯೋದು ಹನ್ನೆರಡನೇದಕ್ಕ. ಹಂಗಾರ ಗ್ರಾಜುಯೇಷನ್ 2000ಕ್ಕ ಬರಬೇಕಿತ್ತು. ಇವರು ಐದನೇ ಸೀಸನ್ ಕೊನೀಗೆ, 1998ರ ಮೇ ತಿಂಗಳದಾಗ ಮಾಡಿಸಿಬಿಟ್ಟಾರ. ಎರಡ ವರ್ಷ ಮಾಯ! ಎಲ್ಲಾರೂ ಇದನ್ನ ಬರಿಯೋರ ಮರೆವು ಅಂತ ನಗತಾರ. ಬೆನ್ ಹುಟ್ಟಿದ್ದು 1980ರ ಸೆಪ್ಟೆಂಬರ್. ಶುರುವಾದಾಗ ಅವಗ 13, ಪಾತ್ರಕ್ಕ 11. ಗ್ರಾಜುಯೇಷನ್ ಗೌನ್ ಹಾಕ್ಕೊಂಡಾಗ ಅವಗ 17 ನಡೀತಿತ್ತು, ಪಾತ್ರಕ್ಕೂ ಹೆಚ್ಚು ಕಡಿಮಿ ಅಷ್ಟ. ಬೇಕಂತ ಮಾಡಿದ್ರೋ ಇಲ್ಲೋ ಬಿಡ್ರಿ, ಆ ಎರಡ ವರ್ಷ ನುಂಗಿದ್ದರಿಂದ ಮಾರಿ ಮತ್ತು ಪಾತ್ರ ಒಂದ ಸಾಲಿಗೆ ಬಂದುವು.

ಇನ್ನ ಹಗ್ಗದ ಮಾತು. ಮಿಸ್ಟರ್ ಫೀನಿ ಮೊದಲನೇ ಸೀಸನ್‌ನಾಗ ಕ್ಲಾಸ್ ಟೀಚರ್ರೂ ಹೌದು, ಬೇಲಿ ಆಚಿ ಕಡಿ ನೆರೆಮನಿಯವರೂ ಹೌದು. ಹುಡುಗ್ರು ಹೈಸ್ಕೂಲಿಗೆ ಹೋದ್ರ ಎರಡನೇ ಸೀಸನ್‌ನಾಗ ಅವರ ಅಲ್ಲಿ ಪ್ರಿನ್ಸಿಪಾಲ್. ಹುಡುಗ್ರು ಪೆನ್‌ಬ್ರೂಕ್ ಯೂನಿವರ್ಸಿಟಿ ಸೇರಿದ್ರ ಅಲ್ಲೂ ಬಂದು ಪಾಠ ಮಾಡತಾರ. ನಂಬಲಿಕ್ಕೆ ಕಷ್ಟ, ಒಪ್ಪತೀನಿ. ಆದ್ರ ಆ ಮನುಷ್ಯನ್ನ ಕೈ ಬಿಟ್ಟಿದ್ರ ಕಾಲೇಜ್ ಸೀಸನ್ ಅನ್ನೋದ ಇರತಿರಲಿಲ್ಲ. ಫೀನಿ ಪಾತ್ರದ ವಿಲಿಯಂ ಡೇನಿಯಲ್ಸ್ ಬೇಲಿ ಹತ್ರ ನಿಂತು ಗಿಡ ಕತ್ತರಿಸಿಕೋತ ಮಾತಾಡೋ ಸೀನ್ ಬಂದ್ರ ಸಾಕು, ಇಪ್ಪತ್ತರ ಕೋರಿ ಮತ್ತ ಹನ್ನೊಂದರ ಕೋರಿ ಆಗತಾನ.

ಕತ್ತರಿ ಪ್ರಯೋಗ

ಇಬ್ಬರೂ ಬರವಣಿಗೆಯ ಮಾತೇ ಆಡ್ತಿದೀರಿ. ಗಡಿಯಾರದ ಕಡೆ ಸ್ವಲ್ಪ ನೋಡಿ.

ಈ ಶೋಗಳೆಲ್ಲ ಕ್ಯಾಲಿಫೋರ್ನಿಯಾದಲ್ಲಿ ತಯಾರಾದವು. ಅಲ್ಲಿನ ನಿಯಮದಲ್ಲಿ ಶಾಲೆಯ ದಿನಗಳ ಲೆಕ್ಕ ಹೀಗೆ: 6ರಿಂದ 9 ವರ್ಷದ ಮಗು ಸೆಟ್ಟಿನಲ್ಲಿ ಇರಬಹುದಾದದ್ದು 8 ಗಂಟೆ, ಅದರಲ್ಲಿ ಕೆಲಸ 4. 9ರಿಂದ 16ರವರೆಗೆ 9 ಗಂಟೆ, ಕೆಲಸ 5. 16ರಿಂದ 18ಕ್ಕೆ 10 ಗಂಟೆ, ಕೆಲಸ 6. ಎಲ್ಲದರಲ್ಲೂ 3 ಗಂಟೆ ಪಾಠ, 1 ಗಂಟೆ ವಿಶ್ರಾಂತಿ ಕಡ್ಡಾಯ. ಸೆಟ್ಟಿನಲ್ಲಿ ಸ್ಟುಡಿಯೋ ಟೀಚರ್ ಇರಲೇಬೇಕು. ಟೈಮ್ ಮುಗೀತು ಅಂತ ಅವರು ಹೇಳಿದರೆ ಡೈರೆಕ್ಟರ್ ಏನೇ ಅಂದರೂ ಹುಡುಗ ಮನೆಗೆ. ಆರು ತಿಂಗಳೊಳಗಿನ ಕೂಸಾದರೆ ಕ್ಯಾಮೆರಾ ಮುಂದೆ ದಿನಕ್ಕೆ ಬರೀ 20 ನಿಮಿಷ. ‘ಫುಲ್ ಹೌಸ್’ನಲ್ಲಿ ಒಂದೇ ಪಾತ್ರಕ್ಕೆ ಅವಳಿ ಮಕ್ಕಳನ್ನು ಹಾಕಿದ್ದು ಮುದ್ದಿಗಲ್ಲ, ಈ ಗಂಟೆಯ ಲೆಕ್ಕಕ್ಕೆ.

ಈಗ ‘ವಂಡರ್ ಇಯರ್ಸ್’ಗೆ ಬನ್ನಿ. ಸಿಂಗಲ್ ಕ್ಯಾಮೆರಾ ಶೋ, ಅಂದರೆ ಒಂದೊಂದು ಕಡೆಯ ಶಾಟನ್ನೂ ಬೇರೆ ಬೇರೆಯಾಗಿ ತೆಗೀಬೇಕು. ಲಾಫ್ ಟ್ರ್ಯಾಕ್ (ಹಿನ್ನೆಲೆಯ ನಗು) ಇಲ್ಲ. ಕಥೆ ಹೇಳೋನು ಕೆವಿನ್ ಆದ್ದರಿಂದ ಅವನಿಲ್ಲದ ದೃಶ್ಯವೇ ಅಪರೂಪ. ಅರ್ಧಗಂಟೆಯ ಎಪಿಸೋಡಿಗೆ ವಾರಕ್ಕೆ ಐದು ದಿನ ಶೂಟಿಂಗ್ ಅಂತಿಟ್ಟುಕೊಂಡರೆ ಹುಡುಗ ಸಿಗೋದು 25 ಗಂಟೆ. ಅದರಲ್ಲೇ ರಿಹರ್ಸಲ್ಲು, ಬೆಳಕು ಹೊಂದಿಸೋದು, ಕ್ಯಾಮೆರಾ ಬದಲಿಸೋದು. ಹಾಗಾಗಿ ಇಂಥ ಸೆಟ್ಟುಗಳಲ್ಲಿ ಹುಡುಗನ ಮುಖದ ಕಡೆಯ ಶಾಟ್‌ಗಳನ್ನೆಲ್ಲ ಮೊದಲು ಮುಗಿಸಿಬಿಡ್ತಾರೆ. ಹುಡುಗ ಪಾಠಕ್ಕೆ ಹೋದ ಮೇಲೆ ಕ್ಯಾಮೆರಾ ತಿರುಗಿಸಿ ಅಪ್ಪ ಅಮ್ಮನ ಕ್ಲೋಸಪ್. ಆಗ ಎದುರಿಗೆ ಕೂತು ಹುಡುಗನ ಡೈಲಾಗ್ ಓದೋದು ಸ್ಕ್ರಿಪ್ಟ್ ಸೂಪರ್‌ವೈಸರ್ರೋ, ಹುಡುಗನ ಎತ್ತರದ ಸ್ಟ್ಯಾಂಡ್‌ಇನ್ನೋ. ಊಟದ ಟೇಬಲ್ ದೃಶ್ಯಗಳಲ್ಲಿ ಅಪ್ಪನೂ ಮಗನೂ ಒಂದೇ ಫ್ರೇಮಲ್ಲಿ ಎಷ್ಟು ಕಡಿಮೆ ಸಿಗ್ತಾರೆ ಎಣಿಸಿ ನೋಡಿ.

ಹುಡುಗನಿಗೆ 16 ತುಂಬಿದ ಕೂಡಲೇ ದಿನಕ್ಕೊಂದು ಗಂಟೆ ಹೆಚ್ಚು. 18ಕ್ಕೆ ಕಡಿವಾಣವೇ ಇಲ್ಲ. ಹಾಗಾಗಿ ಕೊನೆಕೊನೆಯ ಸೀಸನ್‌ಗಳಲ್ಲಿ ದೊಡ್ಡವರು ಹಿಂದಕ್ಕೆ ಸರೀತಾರೆ. ಮನೆಯ ಶೋ ಆಗಿದ್ದದ್ದು ಹುಡುಗರ ಶೋ ಆಗುತ್ತೆ. ಅದು ಬರೀ ಬರೆಯೋರ ಆಸೆಯಿಂದ ಆಗೋದಲ್ಲ.

ಪಡಸಾಲೆ

ಕತ್ತರಿಯವರ ಲೆಕ್ಕ ಸರಿ. ಆದರೆ ‘ವಂಡರ್ ಇಯರ್ಸ್’ ಸೊರಗಿದ್ದಕ್ಕೆ ಗಡಿಯಾರವೂ ಕಾರಣವಲ್ಲ, ಕಾರೂ ಕಾರಣವಲ್ಲ. ನಿರೂಪಕ ಕಾರಣ.

ಪೈಲಟ್ ಎಪಿಸೋಡನ್ನು ನೆನಪಿಸಿಕೊಳ್ಳಿ. ಕೆವಿನ್‌ಗೆ ಇಷ್ಟವಾದ ನೆರೆಯ ಹುಡುಗಿ ವಿನ್ನಿಯ ಅಣ್ಣ ಬ್ರಯನ್ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಸುದ್ದಿ ಬಂದಿದೆ. ಕೆವಿನ್ ಹಾರ್ಪರ್ಸ್ ವುಡ್ಸ್ ಎಂಬ ತೋಪಿಗೆ ಹೋಗುತ್ತಾನೆ. ಅವಳು ಒಂದು ಬಂಡೆಯ ಮೇಲೆ ಕುಳಿತಿದ್ದಾಳೆ. ಹುಡುಗನಿಗೆ ಏನು ಹೇಳಬೇಕೆಂದು ತಿಳಿಯದು. ಜೆಟ್ಸ್ ಫುಟ್‌ಬಾಲ್ ತಂಡದ ತನ್ನ ಹಸಿರು ಜಾಕೆಟ್ ತೆಗೆದು ಅವಳ ಹೆಗಲಿಗೆ ಹೊದಿಸುತ್ತಾನೆ. ಹುಡುಗನ ಬಾಯಲ್ಲಿ ಹೆಚ್ಚು ಮಾತಿಲ್ಲ. ಮಾತೆಲ್ಲ ಇಪ್ಪತ್ತು ವರ್ಷ ಆಚೆ ನಿಂತಿರುವ ದೊಡ್ಡ ಕೆವಿನ್‌ನದು. ಆ ದನಿ ಡೇನಿಯಲ್ ಸ್ಟರ್ನ್ ಅವರದು. ಹುಡುಗನಿಗೆ ಗೊತ್ತಿಲ್ಲದ್ದಕ್ಕೂ ದನಿಗೆ ಗೊತ್ತಿರುವುದಕ್ಕೂ ನಡುವೆ ಇರುವ ಕಂದರದಲ್ಲೇ ಈ ಶೋದ ನಗುವೂ ನೋವೂ ಇರುವುದು. ಮೊದಲ ಸೀಸನ್ ಬರೀ 6 ಎಪಿಸೋಡ್, ಆದರೂ ಆ ವರ್ಷದ ಅತ್ಯುತ್ತಮ ಹಾಸ್ಯ ಸರಣಿಯ ಎಮ್ಮಿ (ಅಮೆರಿಕದ ಟೀವಿ ಪ್ರಶಸ್ತಿ) ಅದಕ್ಕೇ ಬಂತು.

ಹುಡುಗ ಹದಿನಾರಕ್ಕೆ ಬಂದಾಗ ಏನಾಯಿತು? ತನಗೆ ಆಗುತ್ತಿರುವುದನ್ನು ತಾನೇ ಹೇಳಬಲ್ಲ. ಕೋಪ ಬಂದರೆ ಕೋಪ ಎನ್ನಬಲ್ಲ. ಆಗ ನಿರೂಪಕ ಹೇಳುವುದೆಲ್ಲ ಎರಡನೇ ಸಲದ ಮಾತು. ಐದು, ಆರನೇ ಸೀಸನ್‌ನ ಕೆಲವು ಎಪಿಸೋಡುಗಳನ್ನು ನಿರೂಪಣೆ ತೆಗೆದು ಊಹಿಸಿಕೊಂಡರೆ ಕಥೆ ಕೆಡುವುದೇ ಇಲ್ಲ. ಮೊದಲ ಸೀಸನ್‌ನಲ್ಲಿ ಹಾಗೆ ಮಾಡಿದರೆ ಏನೂ ಉಳಿಯುವುದಿಲ್ಲ.

ಅರ್ಧಗಂಟೆ

ಪಡಸಾಲೆ ಮೇಡಂ, ಕಂದರದ ಮಾತು ಒಪ್ಪಿದೆ. ಆದರೂ ಕಾರನ್ನು ಅಷ್ಟು ಸುಲಭಕ್ಕೆ ಬಿಡಲ್ಲ. ಮೂಲ ಕರ್ತೃಗಳಾದ ನೀಲ್ ಮಾರ್ಲೆನ್ಸ್, ಕ್ಯಾರಲ್ ಬ್ಲ್ಯಾಕ್ ಬೇಗನೆ ಹೊರಟ ಮೇಲೆ ಶೋ ನಡೆಸಿದ್ದು ಬಾಬ್ ಬ್ರಶ್. ಹುಡುಗ ಕಾರು ಓಡಿಸೋ ವಯಸ್ಸಿಗೆ ಬಂದಾಗ ಎರಡು ತಾಪತ್ರಯ ಒಟ್ಟಿಗೆ ಬಂದವು. ಒಂದು, ಕಥೆ ಮನೆ ಮತ್ತು ಸ್ಕೂಲಿನ ಸೆಟ್ಟಿಂದ ಹೊರಗೆ ಬಿತ್ತು. ಪಿರಿಯಡ್ ಶೋ ಅದು, ಅಂದರೆ ಹಳೇ ಕಾಲದಲ್ಲಿ ನಡೆಯೋ ಕಥೆ, 1972–73ರ ರಸ್ತೆ ತೋರಿಸಬೇಕಾದರೆ ಆ ಕಾಲದ ಕಾರು, ಬೋರ್ಡು, ಅಂಗಡಿ ಎಲ್ಲ ಬೇಕು. ಖರ್ಚು ಏರಿತು. ಎರಡು, ಹದಿನಾರರ ಹುಡುಗನಿಗೆ ಹುಡುಗಿಯರ ಬಗ್ಗೆ ಇರೋ ಕುತೂಹಲವನ್ನು ಎಂಟು ಗಂಟೆಯ ಫ್ಯಾಮಿಲಿ ಸ್ಲಾಟಿನಲ್ಲಿ ಎಷ್ಟು ತೋರಿಸಬಹುದು ಅಂತ ಚಾನೆಲ್ ಜೊತೆ ಜಟಾಪಟಿ. ಹುಡುಗ ಪ್ರಾಮಾಣಿಕವಾಗಿ ಬೆಳೆದರೆ ಸ್ಲಾಟ್ ಒಪ್ಪಲ್ಲ, ಸ್ಲಾಟ್ ಒಪ್ಪೋ ಹಾಗೆ ಬರೆದರೆ ಹುಡುಗ ಬೆಳೆಯಲ್ಲ.

ಹೈದ ಅವರೇ, ಫೀನಿ ಹಗ್ಗ ಹೌದು. ಆದರೆ ಕೋರಿಯ ಅಣ್ಣ ಎರಿಕ್‌ಗೆ ಏನು ಹೇಳ್ತೀರಿ? ಮೊದಲ ಸೀಸನ್‌ನಲ್ಲಿ ಅವನು ಹುಡುಗಿಯರ ಹಿಂದೆ ಸುತ್ತೋ, ಸ್ವಲ್ಪ ಸೋಮಾರಿ, ಆದರೆ ಬುದ್ಧಿಯಿರೋ ಅಣ್ಣ. ಐದನೇ ಸೀಸನ್ ಹೊತ್ತಿಗೆ ಪೂರಾ ಪೆದ್ದ.

ಹುಬ್ಳಿ ಹೈದ

ಎರಿಕ್ ಪೆದ್ದ ಆಗಿದ್ದಕ್ಕೂ ಕಾರಣ ಅದ. ಮೊದಲ ಅವನ ಕೆಲಸ ಏನ್ರಿ? ತಮ್ಮಗ ಗೊತ್ತಿಲ್ಲದ್ದು ಅವಗ ಗೊತ್ತಿರತಿತ್ತು. ಡೇಟಿಂಗ್, ಕಾರು, ಸುಳ್ಳು ಹೇಳೋ ಉಪಾಯ. ತಮ್ಮ ಅದೇ ವಯಸ್ಸಿಗೆ ಬಂದ ಕೂಡಲೆ ಅಣ್ಣನ ನೌಕರಿ ಹೋತು. ಅದ ಹೊತ್ತಿಗೆ ಕೋರಿ, ಅವನ ಹುಡುಗಿ ಟೊಪಾಂಗಾ, ಗೆಳೆಯ ಶಾನ್ ಮೂವರದೂ ಕಥಿ ಭಾರ ಆಗಿತ್ತು. ಆರನೇ ಸೀಸನ್‌ನಾಗ ಶಾನ್‌ನ ಅಪ್ಪ ಚೆಟ್ ಸಾಯತಾನ, ಮ್ಯಾಥ್ಯೂಸ್ ಮನಿಯಾಗ ಹುಟ್ಟಿದ ಕೂಸು ದಿನ ತುಂಬದ ಕೂಸು. ಇಷ್ಟೆಲ್ಲಾ ಅಳು ಇಟ್ಟಮ್ಯಾಲೆ ನಗು ಹೊರಾಕ ಒಬ್ಬ ಬೇಕಲ್ಲ? ಖಾಲಿ ಇದ್ದಾವ ಎರಿಕ್. ವಿಲ್ ಫ್ರೀಡ್ಲ್ ಮಾಡಬಲ್ಲ ನಟ, ಅವನ ತಲಿ ಮ್ಯಾಲೆ ಹೊರಿಸಿದ್ರು. ಚಂದ ಆತು ಅಂತ ನಾ ಹೇಳೂದಿಲ್ಲ. ಯಾಕ ಆತು ಅನ್ನೋದ ಹೇಳಿದೆ.

ಟೊಪಾಂಗಾಂದು ಇದರ ಉಲ್ಟಾ. ಮೊದಲನೇ ಸೀಸನ್‌ನ ನಾಕನೇ ಎಪಿಸೋಡ್‌ನಾಗ ಬಂದಾಗ ಮಾರಿ ಮ್ಯಾಲೆ ಲಿಪ್‌ಸ್ಟಿಕ್ ಬರಕೊಂಡು ಕುಣಿಯೋ ವಿಚಿತ್ರ ಹುಡುಗಿ. ಬರೇ ವಿಚಿತ್ರ ಇದ್ದಾಕಿನ್ನ ಏಳ ವರ್ಷ ಎಳಿಯಾಕ ಆಗಂಗಿಲ್ಲ. ಮೆಲ್ಲಕ ಆ ಬಣ್ಣ ಕಳದು, ಕ್ಲಾಸಿನಾಗ ಎಲ್ಲಾರಕಿಂತ ಶಾಣ್ಯಾ ಹುಡುಗಿ ಮಾಡಿದ್ರು. ಯೇಲ್ ಯೂನಿವರ್ಸಿಟಿ ಬಿಟ್ಟು ಪೆನ್‌ಬ್ರೂಕಿಗೆ ಬರೋ ತೀರ್ಮಾನ ಮಾತ್ರ ಪಾತ್ರದ ಸಲುವಾಗಿ ಅಲ್ಲ, ಎಲ್ಲಾರನ್ನೂ ಒಂದ ಕ್ಯಾಂಪಸ್ಸಿನಾಗ ಇಟಗೊಳ್ಳೋ ಸಲುವಾಗಿ. ಅದೂ ಹಗ್ಗನ, ಆದ್ರ ಗಂಟು ಕಾಣಸತೈತಿ.

ಟೀವಿಪೆಟ್ಟಿಗೆ

ಪಾತ್ರಗಳು ಮಾಯ ಆಗೋದರ ಬಗ್ಗೆ ಯಾರೂ ಹೇಳಲಿಲ್ಲ. ಕೋರಿಯ ತಂಗಿ ಮಾರ್ಗನ್ ಎರಡನೇ ಸೀಸನ್ ನಡುವೆ ಕಾಣೆಯಾಗಿ, ವಾಪಸ್ ಬಂದಾಗ ಬೇರೆ ಹುಡುಗಿ! ತಿಂಗಳುಗಟ್ಟಲೆ ಶಿಕ್ಷೆಯ ಮೇಲೆ ಮಹಡಿಯ ರೂಮಲ್ಲಿದ್ದೆ ಅನ್ನೋ ಅರ್ಥದ ಜೋಕು ಹೊಡೆದು ಮುಗಿಸಿದರು. ಕೋರಿಯ ಕ್ಲಾಸ್‌ಮೇಟ್ ಮಿಂಕಸ್ ಮೊದಲ ಸೀಸನ್ ಆದ ಮೇಲೆ ನಾಪತ್ತೆ, ಗ್ರಾಜುಯೇಷನ್ ಎಪಿಸೋಡಲ್ಲಿ ಹಾಜರಾಗಿ ಇಷ್ಟು ದಿನ ಸ್ಕೂಲಿನ ಆ ಕಡೆ ಭಾಗದಲ್ಲಿದ್ದೆ ಅಂತಾನೆ. ತಪ್ಪನ್ನೇ ಜೋಕು ಮಾಡಿದರೆ ಜನ ಕ್ಷಮಿಸ್ತಾರೆ.

ಕ್ಷಮಿಸದೇ ಇರೋದು ಹೈಸ್ಕೂಲ್ ಶೋ ‘ಸೇವ್ಡ್ ಬೈ ದ ಬೆಲ್’ನ ಎಡವಟ್ಟು. ಕೊನೆಯ ಸೀಸನ್‌ಗೆ ಎಪಿಸೋಡ್ ಹೆಚ್ಚಿಸಿದಾಗ ಕೆಲ್ಲಿ, ಜೆಸ್ಸಿ ಪಾತ್ರದ ಇಬ್ಬರು ನಟಿಯರು ಮುಂದುವರಿಯಲಿಲ್ಲ. ಅವರ ಜಾಗಕ್ಕೆ ಟೋರಿ ಅನ್ನೋ ಹೊಸ ಹುಡುಗಿ ಬಂದಳು. ಆದರೆ ಗ್ರಾಜುಯೇಷನ್ ಎಪಿಸೋಡ್ ಅಷ್ಟರಲ್ಲಾಗಲೇ ಶೂಟ್ ಆಗಿತ್ತು. ಹಾಗಾಗಿ ಪ್ರಸಾರದಲ್ಲಿ ಕೆಲ್ಲಿ, ಜೆಸ್ಸಿ ಇರೋ ವಾರ ಟೋರಿ ಇಲ್ಲ, ಟೋರಿ ಇರೋ ವಾರ ಅವರಿಲ್ಲ, ಗ್ರಾಜುಯೇಷನ್‌ನಲ್ಲಿ ಟೋರಿಯ ಸುಳಿವೇ ಇಲ್ಲ. ಯಾರೂ ಕೇಳೋದೂ ಇಲ್ಲ. ಅದರ ಕಾಲೇಜ್ ಶೋ 1993–94ರಲ್ಲಿ ಬಂದು ಒಂದೇ ಸೀಸನ್‌ಗೆ ಮುಗೀತು, 19 ಎಪಿಸೋಡ್. ಹಜಾರ ಇಲ್ಲ, ಲಾಕರ್ ಇಲ್ಲ, ಬೆಲ್ ಇಲ್ಲ. ಹೆಸರಲ್ಲೇ ಇದ್ದ ಬೆಲ್ಲು ಹೋದ ಮೇಲೆ ಇನ್ನೇನು ಉಳೀತು.

ಕತ್ತರಿ ಪ್ರಯೋಗ

ಅಷ್ಟು ದೂರ ಎಳೆಯೋದು ಯಾಕೆ ಅನ್ನೋದಕ್ಕೂ ಲೆಕ್ಕ ಇದೆ. ಹಳೇ ಅಮೆರಿಕನ್ ಪದ್ಧತಿಯಲ್ಲಿ ಮೊದಲ ಪ್ರಸಾರದಿಂದ ಸ್ಟುಡಿಯೋಗೆ ದೊಡ್ಡ ಲಾಭ ಬರ್ತಿರಲಿಲ್ಲ. ದುಡ್ಡು ಬರ್ತಿದ್ದದ್ದು ಸಿಂಡಿಕೇಶನ್‌ನಿಂದ, ಅಂದರೆ ಊರೂರ ಸ್ಟೇಷನ್‌ಗಳಿಗೆ ಮರುಪ್ರಸಾರದ ಹಕ್ಕು ಮಾರಿದಾಗ. ವಾರದ ಐದೂ ದಿನ ಹಾಕಬೇಕಾದ್ದರಿಂದ ಸುಮಾರು 100 ಎಪಿಸೋಡ್ ಇದ್ದರೆ ಒಳ್ಳೇ ಬೆಲೆ. ವರ್ಷಕ್ಕೆ 22ರಂತೆ ಆ ನೂರು ತುಂಬೋದು ಐದನೇ ಸೀಸನ್‌ನಲ್ಲಿ. ಹನ್ನೆರಡಕ್ಕೆ ಶುರುಮಾಡಿದ ಹುಡುಗನಿಗೆ ಆಗ ಹದಿನೇಳು. ಶೋಗೆ ಬೆಲೆ ಬರೋ ಹೊತ್ತಿಗೆ ಹುಡುಗ ಹುಡುಗನಾಗಿ ಉಳಿದಿರಲ್ಲ.

ಈಗ ಸ್ಟ್ರೀಮಿಂಗ್‌ನಲ್ಲಿ ಆ ಒತ್ತಡ ಇಲ್ಲ. ‘ನೆವರ್ ಹ್ಯಾವ್ ಐ ಎವರ್’ 2020ರಿಂದ 2023ರವರೆಗೆ 4 ಸೀಸನ್, 40 ಎಪಿಸೋಡ್. ನಾಯಕಿ ದೇವಿ ಹೈಸ್ಕೂಲ್ ಮುಗಿಸಿ ಪ್ರಿನ್ಸ್‌ಟನ್‌ಗೆ ಹೋದಳು, ಅಂಗಡಿ ಮುಚ್ಚಿದರು. ಸರಿಯಾದ ಜಾಗ.

ಮೂರನೇ ಬೆಂಚು

‘ಮಾಲ್ಕಮ್ ಇನ್ ದ ಮಿಡಲ್’ ಇಲ್ಲದೆ ಈ ಚರ್ಚೆ ಹೇಗೆ ನಡೀತಿದೆ? 2000ದಿಂದ 2006, 7 ಸೀಸನ್, 151 ಎಪಿಸೋಡ್. ಮಾಲ್ಕಮ್ ನೇರ ಕ್ಯಾಮೆರಾಕ್ಕೆ ಮಾತಾಡ್ತಾನೆ, ಅದೂ ವರ್ತಮಾನದಲ್ಲೇ. ಆದ್ದರಿಂದ ಪಡಸಾಲೆಯವರು ಹೇಳಿದ ಕಂದರ ಅಲ್ಲಿ ಮೊದಲಿಂದಲೂ ಇಲ್ಲ. ಬೇರೊಂದು ತೊಂದರೆ ಇದೆ. ಸಣ್ಣ ಹುಡುಗ "ಲೋಕ ಸರಿಯಿಲ್ಲ" ಅಂದರೆ ನಗು ಬರುತ್ತೆ. ಮೀಸೆ ಚಿಗುರಿದವನು ಅದೇ ಮಾತು ಅಂದರೆ ಗೊಣಗಾಟ. ದನಿ ಒಡೆದ ಮೇಲೆ ಅದೇ ಡೈಲಾಗಿಗೆ ಅದೇ ನಗು ಬರಲ್ಲ.

ಅವರು ಮಾಡಿದ್ದು ಎರಡು ಕೆಲಸ. ಒಂದು, ಮಾಲ್ಕಮ್‌ನ ಜಂಬವನ್ನೇ ಜೋಕು ಮಾಡಿದರು, ಅವನು ಸರಿಯಾಗಿರೋ ಹುಡುಗ ಅನ್ನೋ ಪಟ್ಟದಿಂದ ಇಳಿಸಿದರು. ಎರಡು, ಮಗುವಿನ ಕಣ್ಣಿನ ಕಥೆಗಳನ್ನು ತಮ್ಮ ಡೂಯಿಗೆ ದಾಟಿಸಿದರು. ಐದನೇ ಸೀಸನ್ನಿಂದ ಡೂಯಿಯ ಸ್ಪೆಷಲ್ ಕ್ಲಾಸಿನ ಕಥೆಗಳಿಗೆ ಮೊದಲ ಸೀಸನ್‌ನ ಮಾಲ್ಕಮ್ ಕಥೆಗಳ ಹದ ಇದೆ. ಅಣ್ಣನ ಅಂಗಿ ತಮ್ಮನಿಗೆ, ನಮ್ಮನೆಗಳ ಹಾಗೇ.

ಹಗ್ಗ ಕೇಳ್ತೀರಾ? ಬಡತನ. ಆ ಮನೆಯಲ್ಲಿ ಯಾರಿಗೆ ಎಷ್ಟು ವಯಸ್ಸಾದರೂ ದುಡ್ಡಿಲ್ಲ. ಕೊನೇ ಎಪಿಸೋಡಲ್ಲಿ ಹಾರ್ವರ್ಡ್ ಸೇರಿದ ಮಾಲ್ಕಮ್ ಅಲ್ಲೇ ಕಸ ಗುಡಿಸೋ ಕೆಲಸ ಮಾಡ್ಕೊಂಡು ಓದ್ತಾನೆ. ಅಮ್ಮ ಲೋಯಿಸ್ ಹಾಕಿದ ಯೋಜನೆಯೇ ಅದು: ಕಷ್ಟಪಟ್ಟೇ ಮೇಲೆ ಬರಬೇಕು, ಕೊನೆಗೆ ಅಧ್ಯಕ್ಷನೇ ಆಗಬೇಕು. ವಯಸ್ಸಿನ ಮೇಲೆ ಕಟ್ಟಿದ ಹಗ್ಗ ಬಿಚ್ಚಿಹೋಗುತ್ತೆ, ದುಡ್ಡಿನ ಮೇಲೆ ಕಟ್ಟಿದ್ದು ಬಿಚ್ಚಲ್ಲ.

ಅರ್ಧಗಂಟೆ

ಇದನ್ನ ನಾನೇ ಬರೀಬೇಕಿತ್ತು. ತಲೆಬಾಗಿದೆ.

ಟೀವಿಪೆಟ್ಟಿಗೆ

ತಮ್ಮನಿಗೆ ದಾಟಿಸೋಕೆ ತಮ್ಮ ಇರಬೇಕಲ್ಲ. ಇಲ್ಲದವರು ಹೊಸ ಕೂಸನ್ನೋ, ಎಲ್ಲಿಂದಲೋ ಒಬ್ಬ ಪುಟ್ಟ ನೆಂಟನನ್ನೋ ಕರೆತರ್ತಾರೆ. 1974ರಲ್ಲಿ ‘ದ ಬ್ರೇಡಿ ಬಂಚ್’ನ ಕೊನೆಯ ಆರು ಎಪಿಸೋಡಿಗೆ ಬಂದ ಆಲಿವರ್ ಹೆಸರಿನಿಂದಲೇ ಈ ತಂತ್ರಕ್ಕೆ ‘ಕಸಿನ್ ಆಲಿವರ್’ ಅಂತ ಅಡ್ಡಹೆಸರು. ಕೆಲಸಕ್ಕೆ ಬರೋದು ಕಡಿಮೆ. ಜನ ಆ ಮನೆಗೆ ಬರ್ತಿದ್ದದ್ದು ಯಾವುದೋ ಒಂದು ಮಗುವನ್ನು ನೋಡೋಕಲ್ಲ, ಮೊದಲಿಂದ ಇದ್ದ ಆ ಮಗುವನ್ನೇ ನೋಡೋಕೆ.

ನಮ್ಮ ಹಿಂದಿ ಕಡೆ ಇನ್ನೊಂದು ದಾರಿ: ಹುಡುಗ ಬೆಳೆದರೂ ಕಥೆಯ ಕಾಲವನ್ನೇ ಬೆಳೆಸದೆ ಬಿಡೋದು. ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ 2008ರ ಜುಲೈನಲ್ಲಿ ಶುರು. ಟಪ್ಪು ಪಾತ್ರದ ಭವ್ಯ ಗಾಂಧಿ 2017ರಲ್ಲಿ ಬಿಟ್ಟಮೇಲೆ ಆ ಪಾತ್ರಕ್ಕೆ ಮೂರನೇ ನಟನವರೆಗೂ ಬಂದಿದೆ. ಕಥೆ ನಡೆಯೋ ಗೋಕುಲಧಾಮ ಸೊಸೈಟಿ ಮಾತ್ರ ಅಲ್ಲೇ ಇದೆ.

ಮಲೆನಾಡ ಮಳೆ

ಆಗುಂಬೆಯಲ್ಲಿ ತೆಗೆದ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಇದಕ್ಕೆ ಸೇರುತ್ತದೆಯೇ? ಮಾಸ್ಟರ್ ಮಂಜುನಾಥ್‌ನ ಸ್ವಾಮಿ ನಮಗೆಲ್ಲ ಇವತ್ತಿಗೂ ಹುಡುಗನೇ.

ಪಡಸಾಲೆ

ಸಿಟ್‌ಕಾಂ ಅಲ್ಲ, ಬಿಡಿಕಥೆಗಳ ಮಾಲೆ. ಆದರೆ ನಿಮ್ಮ ಮಾತಿನಲ್ಲೇ ಉತ್ತರ ಇದೆ: ಸ್ವಾಮಿಯ ದನಿ ಒಡೆಯುವ ಮೊದಲೇ ಕ್ಯಾಮೆರಾ ಆಫ್ ಮಾಡಿದರು.

ಹೊಸಬ ಇಲ್ಲಿ

ನಮಸ್ಕಾರ. ಹದಿಮೂರರ ಹುಡುಗಿಯ ಸುತ್ತ ಕನ್ನಡದಲ್ಲಿ ಹಾಸ್ಯದ ವೆಬ್ ಸೀರೀಸ್ ಬರೆಯುವವರು ಮೊದಲೇ ಏನೇನು ತೀರ್ಮಾನ ಮಾಡಿಕೊಂಡಿರಬೇಕು? ಮೂರು ಸೀಸನ್ ಅಂತಿಟ್ಟುಕೊಳ್ಳಿ.

ಕತ್ತರಿ ಪ್ರಯೋಗ

ಮೊದಲು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಶೂಟಿಂಗ್ ತಿಂಗಳು, ಆ ದಿನಕ್ಕೆ ನಟಿಯ ವಯಸ್ಸು, ಪಾತ್ರದ ವಯಸ್ಸು, ಪಾತ್ರದ ತರಗತಿ. ಸೀಸನ್‌ಗಳ ನಡುವೆ ಒಂದೂವರೆ ವರ್ಷ ಬಿಡುವು ಆಗೇ ಆಗುತ್ತೆ ಅಂತ ಹಿಡಿಯಿರಿ. ಹಾಗಾದರೆ ಮೂರನೇ ಸೀಸನ್ನಿಗೆ ಅವಳಿಗೆ 16. ಕಥೆಯಲ್ಲಿ ನೀವು ಇನ್ನೂ ಒಂಬತ್ತನೇ ಕ್ಲಾಸಲ್ಲಿದ್ದರೆ ಯೂನಿಫಾರಂ ಹಾಕಿದ ಕೂಡಲೇ ಸುಳ್ಳು ಗೊತ್ತಾಗುತ್ತೆ. ಸೀಸನ್ನಿಗೊಂದು ತರಗತಿ ದಾಟಿಸಿ, ಇಲ್ಲವೇ ಎರಡು ಸೀಸನ್ ಒಟ್ಟಿಗೆ ತೆಗೆಯಿರಿ.

ನಮ್ಮಲ್ಲೂ ನಿಯಮ ಇದೆ, ಬಹಳ ಜನ ನೋಡೋದೇ ಇಲ್ಲ. 14ರೊಳಗಿನ ಮಗುವಾದರೆ ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳ ಪ್ರಕಾರ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ವಿಶ್ರಾಂತಿ ಇಲ್ಲದೆ 3 ಗಂಟೆ ದಾಟುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಿಗೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ. ಈ ಐದು ಗಂಟೆಯನ್ನು ಸ್ಕ್ರಿಪ್ಟ್ ಬರೆಯುವಾಗಲೇ ಲೆಕ್ಕಕ್ಕೆ ತಗೊಳ್ಳಿ: ಪ್ರತಿ ಎಪಿಸೋಡಿನ ಮೂರನೇ ಒಂದು ಭಾಗ ಆಕೆ ಇಲ್ಲದೆಯೂ ನಡೆಯೋ ಕಥೆ ಇರಲಿ. ಅಜ್ಜಿದೋ, ಪಕ್ಕದ ಮನೆಯವರದೋ. ಇಲ್ಲದಿದ್ದರೆ ಸಂಜೆ ನಾಲ್ಕಕ್ಕೆ ಕೈಕಟ್ಟಿ ಕೂರ್ತೀರಿ.

ಸಣ್ಣ ಹುಡುಗರ ಪಾತ್ರ ಇದ್ದರೆ ಹಲ್ಲು ನೋಡಿಕೊಳ್ಳಿ. ಮಂಗಳವಾರ ಇದ್ದ ಹಾಲುಹಲ್ಲು ಗುರುವಾರ ಬಿದ್ದರೆ ದೃಶ್ಯ ಕೂಡೋದಿಲ್ಲ. ತೆಗೆದು ಹಾಕುವ ಸುಳ್ಳು ಹಲ್ಲನ್ನು ಅಚ್ಚು ತೆಗೆಸಿ ಮೊದಲೇ ಮಾಡಿಸಿಡ್ತಾರೆ, ಹಾಲಿವುಡ್ಡಲ್ಲಿ ಅದಕ್ಕೆ ಫ್ಲಿಪ್ಪರ್ ಅಂತಾರೆ. ಹುಡುಗರಾದರೆ ದನಿ. ಡಬ್ಬಿಂಗನ್ನು ತಿಂಗಳುಗಟ್ಟಲೆ ಮುಂದೂಡಬೇಡಿ, ಮುಖ ಒಬ್ಬನದು ಗಂಟಲು ಇನ್ನೊಬ್ಬನದು ಆಗುತ್ತೆ.

ಅರ್ಧಗಂಟೆ

ಕಥೆಯ ಕಡೆಯಿಂದ ಒಂದೇ ಮಾತು ಸೇರಿಸ್ತೀನಿ. ಪಿಯುಸಿಗೆ ಬಂದ ಮೇಲೆ ಆ ಹುಡುಗಿಯನ್ನು ಮನೆಗೆ ಕಟ್ಟಿಹಾಕೋದು ಯಾವುದು ಅಂತ ಮೊದಲ ಸೀಸನ್‌ನಲ್ಲೇ ನೆಟ್ಟಿಡಿ. ಅಂಗಡಿ ಇರಬಹುದು, ಸಾಲ ಇರಬಹುದು, ತಮ್ಮನನ್ನು ನೋಡಿಕೊಳ್ಳೋ ಹೊಣೆ ಇರಬಹುದು. ಮೂರನೇ ಸೀಸನ್‌ನಲ್ಲಿ ಹುಡುಕೋಕೆ ಹೊರಟರೆ ಟೊಪಾಂಗಾ ಯೇಲ್ ಬಿಟ್ಟ ಹಾಗಾಗುತ್ತೆ.

ಮೂರನೇ ಬೆಂಚು

ಇಲ್ಲವಾದರೆ ಉತ್ತರ ಐರ್ಲೆಂಡಿನ ಕಥೆ ‘ಡೆರ್ರಿ ಗರ್ಲ್ಸ್’ ದಾರಿ ಹಿಡಿಯಿರಿ: ಬೆಳೆದವರನ್ನೇ ಹಾಕಿ. ಕ್ಲೇರ್ ಪಾತ್ರದ ನಿಕೋಲಾ ಕಾಗ್ಲನ್ ಹುಟ್ಟಿದ್ದು 1987ರಲ್ಲಿ, ಶೋ ಬಂದದ್ದು 2018ರಲ್ಲಿ. ಮೂವತ್ತು ದಾಟಿದಾಕೆ ಸ್ಕೂಲ್ ಯೂನಿಫಾರಂ ಹಾಕಿ ಅಳ್ತಿದ್ದರೆ ಅದೇ ಅರ್ಧ ನಗು. ಗಂಟೆಯ ಲೆಕ್ಕ ಇಲ್ಲ, ಹಲ್ಲಿನ ಚಿಂತೆ ಇಲ್ಲ. ಮೂರು ಸೀಸನ್, 19 ಎಪಿಸೋಡ್. ಅದನ್ನು ಬರೆದ ಲೀಸಾ ಮೆಕ್‌ಗೀ ಹುಡುಗಿಯರನ್ನು ಬೆಳೆಸೋ ಬದಲು ಊರನ್ನು ಬೆಳೆಸಿದರು. ಬಾಂಬು, ಸೈನಿಕರ ತಪಾಸಣೆಯ ನಡುವೆ ಶುರುವಾದ ಕಥೆ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ಜನಮತಗಣನೆಯಲ್ಲಿ ನಿಲ್ಲುತ್ತೆ. ಹುಡುಗಿಯರಿಗೆ ಮೊದಲ ವೋಟು, ಊರಿಗೂ ಹೊಸ ಬಾಳು.

ಹುಬ್ಳಿ ಹೈದ

ಹಂಗಾರ ‘ಯಂಗ್ ಶೆಲ್ಡನ್’? ಅಲ್ಲಿ ಎಲ್ಲಾನೂ ಮೊದಲ ಬರದಿಟ್ಟಿದ್ದು. 1989ರಾಗ ಒಂಬತ್ತರ ಹುಡುಗ. ಅದ ಶೆಲ್ಡನ್ ದೊಡ್ಡಾವ ಆಗಿರೋ ಹಳೀ ಶೋ ‘ಬಿಗ್ ಬ್ಯಾಂಗ್ ಥಿಯರಿ’ಯಾಗ ಮೊದಲ ಹೇಳಿಬಿಟ್ಟಾರ: ಹದಿನಾಕಕ್ಕ ಅಪ್ಪ ಸಾಯತಾನ ಅಂತ. ಅಂದ್ರ ನೋಡಾವರಿಗೆ ಗೊತ್ತು, ಮನಿಯವರಿಗೆ ಗೊತ್ತಿಲ್ಲ. 2017ರಿಂದ 2024, ಏಳ ಸೀಸನ್, 141 ಎಪಿಸೋಡ್, ಎಲ್ಲಾದರ ಹಿಂದ ಆ ಸಾವು ಕುಂತಿರತೈತಿ.

ಪಡಸಾಲೆ

ಅದೇ ನಾನು ಹೇಳಿದ ಕಂದರ, ಹೈದ ಅವರೇ, ಇನ್ನೊಂದು ರೂಪದಲ್ಲಿ. ನಿರೂಪಕನಿಗೆ ಗೊತ್ತಿರುವುದನ್ನು ನೋಡುಗರ ಕೈಗೆ ಕೊಟ್ಟರು. ಹಾಗಾಗಿ ಶೆಲ್ಡನ್ ಪಾತ್ರದ ಇಯಾನ್ ಆರ್ಮಿಟೇಜ್ ಎತ್ತರವಾದರೂ ಕಂದರ ಮುಚ್ಚಲಿಲ್ಲ. ಹುಡುಗನ ಮುದ್ದು ಕರಗಿದ ಹೊತ್ತಿಗೆ ಅಣ್ಣ ಜಾರ್ಜಿಗೂ ಅವಳಿ ತಂಗಿ ಮಿಸ್ಸಿಗೂ ಕಥೆ ಹಂಚಿದರು. ಮಿಸ್ಸಿಗೆ ಯಾರೂ ಗಮನ ಕೊಡದೆ ಬೆಳೆದ ಸಿಟ್ಟನ್ನು ಬರೆದಿರುವ ರೀತಿ ಶೆಲ್ಡನ್ ಕಥೆಗಿಂತ ಮೇಲು ಎಂದೇ ನನ್ನ ಅಭಿಪ್ರಾಯ.

ಅಪ್ಪನ ಸಾವಿನ ವಿಷಯದಲ್ಲಿ ಎರಡು ಶೋಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಯಂಗ್ ಶೆಲ್ಡನ್ ಏಳು ವರ್ಷ ಕಾಯಿಸಿ, ಸಾವಿನ ಸುದ್ದಿಗೆ ಒಂದು ಎಪಿಸೋಡಿನ ಕೊನೆ, ಅಂತ್ಯಕ್ರಿಯೆಗೆ ಮತ್ತೊಂದು ಎಪಿಸೋಡ್ ಕೊಟ್ಟಿತು. ‘ವಂಡರ್ ಇಯರ್ಸ್’ ಕೊಟ್ಟದ್ದು ಒಂದೇ ಒಂದು ವಾಕ್ಯ.

ಅರ್ಧಗಂಟೆ

ಆ ವಾಕ್ಯ ಅಲ್ಲಿ ಬಂದದ್ದೂ ಅನಿವಾರ್ಯದಿಂದ. ಇನ್ನೊಂದು ಸೀಸನ್ ಸಿಗುತ್ತೋ ಇಲ್ಲವೋ ಗೊತ್ತಿಲ್ಲದೆ ತೆಗೆದ ಕೊನೇ ಎಪಿಸೋಡ್ ಅದು. ಇನ್ನಿಲ್ಲ ಅಂತಾದ ಮೇಲೆ ಚಿತ್ರ ಹಾಗೇ ಇಟ್ಟು ನಿರೂಪಣೆಯಲ್ಲೇ ಗಂಟು ಹಾಕಿದರು. 1973ರ ಜುಲೈ 4ರ ಮೆರವಣಿಗೆ ಸಾಗ್ತಿರುತ್ತೆ. ಅಪ್ಪ ಎರಡು ವರ್ಷದ ಮೇಲೆ ತೀರಿಕೊಂಡರು, ಕಾರ್ಖಾನೆ ಅಣ್ಣ ವೇಯ್ನ್ ನೋಡಿಕೊಂಡ, ಗೆಳೆಯ ಪಾಲ್ ಹಾರ್ವರ್ಡಿಗೆ ಹೋದ, ವಿನ್ನಿ ಪ್ಯಾರಿಸ್ಸಿಗೆ. ಎಂಟು ವರ್ಷ ವಾರಕ್ಕೊಂದು ಕಾಗದ. ಅವಳು ವಾಪಸ್ ಬಂದಾಗ ಕೆವಿನ್ ಎದುರುಗೊಳ್ಳೋಕೆ ಹೋದದ್ದು ಹೆಂಡತಿ ಮತ್ತು ಎಂಟು ತಿಂಗಳ ಮಗನ ಜೊತೆ.

ಟೀವಿಪೆಟ್ಟಿಗೆ

ಅದರ ಆಚೆ ಇನ್ನೂ ಒಂದಿದೆ. ಪರದೆ ಕಪ್ಪಾಗೋ ಹೊತ್ತಿಗೆ ಒಬ್ಬ ಪುಟ್ಟ ಹುಡುಗನ ದನಿ ಕೇಳುತ್ತೆ: ಅಪ್ಪಾ, ಚೆಂಡಾಟ ಆಡೋಣ ಬಾ. ಐದು ವರ್ಷ ನಮ್ಮ ಜೊತೆ ಮಾತಾಡಿದ ನಿರೂಪಕ ಆಗ ಬಂದೆ ಅಂತಾನೆ. ಆ ಪುಟ್ಟ ದನಿ ಡೇನಿಯಲ್ ಸ್ಟರ್ನ್ ಅವರ ಸ್ವಂತ ಮಗನದು.